ಎಕ್ಕಾ ಒಂದೋ, ಹತ್ತೋ?

ನಾವು ಮೂವರು. ಒಬ್ಬ ಬೀದರ್ ನಗರದವ, ಒಬ್ಬ ಭಾಲ್ಕಿ ತಾಲ್ಲೂಕಿನವ, ಇನ್ನೊಬ್ಬ ಔರಾದ್ ಕಡೆಯವ. ಪತ್ರಿಕೋದ್ಯಮ ಓದಲು ಕಲಬುರಗಿಗೆ ಹೋದಾಗ ಒಂದೇ ರೂಮಿನಲ್ಲಿ ಬಿದ್ದೆವು. ಮೊದಲ ಜಗಳ ಆಗಿದ್ದು ಊಟಕ್ಕಲ್ಲ, ಬಾಡಿಗೆಗಲ್ಲ, ರಮ್ಮಿ ಆಟದಲ್ಲಿ ಕೈಯಲ್ಲುಳಿದ ಎಕ್ಕಾಕ್ಕೆ ಎಷ್ಟು ಪಾಯಿಂಟ್ ಅನ್ನೋದಕ್ಕೆ.

ಬೀದರಿನವ ಹತ್ತು ಅಂದ. ಭಾಲ್ಕಿಯವ ಒಂದು ಅಂದ. ಔರಾದಿನವ ನಕ್ಕು, "ಹದಿಮೂರು ಪತ್ತೆಕ್ಕ ಇಷ್ಟ್ಯಾಕ ಬಡದಾಡ್ತೀರಿ? ನಮ್ಮಲ್ಲಿ ಇಪ್ಪತ್ತೊಂದು ಪತ್ತೆ ಆಡ್ತಾರ" ಅಂದ. ಅಲ್ಲಿಗೆ ಆ ರಾತ್ರಿಯ ಆಟ ಮುಗಿಯಿತು, ವಾದ ಬೆಳಗಿನ ತನಕ ನಡೆಯಿತು. ಇವತ್ತಿಗೂ ಮುಗಿದಿಲ್ಲ.

ಒಂದೇ ಜಿಲ್ಲೆ. ಬೀದರಿನಿಂದ ಬಸ್ ಹತ್ತಿದರೆ ಭಾಲ್ಕಿಗೂ ಔರಾದಿಗೂ ಹೆಚ್ಚು ಹೊತ್ತೇನೂ ಬೇಡ. ಆದರೂ ಮೂರು ಮನೆಗೆ ಮೂರು ಕಾಯ್ದೆ. ನಮ್ಮ ಕಡೆಯ ಮಾತಿನ ಹಾಗೆಯೇ ಇದು. 1956ರ ನವೆಂಬರ್ 1ರ ತನಕ ನಾವು ಹೈದರಾಬಾದ್ ರಾಜ್ಯದವರು. ಆಮೇಲೆ ಹಳೆಯ ಬೀದರ್ ಜಿಲ್ಲೆಯ ಉದಗೀರ ಮಹಾರಾಷ್ಟ್ರದ ಕಡೆ ಹೋಯಿತು, ಜಹೀರಾಬಾದ್ ಆಂಧ್ರದ ಕಡೆ ಹೋಯಿತು, ನಾವು ಮೈಸೂರಿಗೆ ಬಂದೆವು. ಬೀಗತನ ಮಾತ್ರ ಮೂರೂ ಕಡೆ ಉಳಿಯಿತು. ಹೀಗಾಗಿ ನಮ್ಮ ಆಟದಲ್ಲಿ ಬದಾಮ, ಚೌಕಟ, ಕಿಲವರ ಮರಾಠಿಯವರ ಹಾಗೆ, ಬಾಜಿ ಮತ್ತು ಹಿಸಾಬು ಉರ್ದುವಿನವರ ಹಾಗೆ, ಬೈಗುಳ ಅಚ್ಚ ಕನ್ನಡದಲ್ಲಿ.

ಗೊತ್ತಿಲ್ಲದವರಿಗೆ ಮೊದಲು ಬೀದರ್ ಮನೆಯ ಆಟ ಹೇಳುತ್ತೇವೆ. ಇದು ಎಲ್ಲ ಕಡೆ ನಡೆಯುವ ಆಟವೇ. ಎರಡು ಕಟ್ಟು ಕಲಸಿ ಎಲ್ಲರಿಗೂ ಹದಿಮೂರು ಎಲೆ ಹಂಚುತ್ತಾರೆ. ಒಂದು ಎಲೆ ಕತ್ತರಿಸಿ ತೆಗೆದು ಕೆಳಗಿಟ್ಟರೆ ಅದೇ ಜೋಕರ್. ಏಳು ಬಂದರೆ ಎಲ್ಲ ಏಳೂ ಜೋಕರ್. ಒಂದು ಎಲೆ ಎತ್ತಬೇಕು, ಒಂದು ಹಾಕಬೇಕು. ಒಂದೇ ಬಣ್ಣದ ಮೂರು ಅಥವಾ ನಾಲ್ಕು ಎಲೆ ಸಾಲಾಗಿ ಬಂದರೆ ಸಿಕ್ವೆನ್ಸ್, ಬೇರೆ ಬೇರೆ ಬಣ್ಣದ ಒಂದೇ ಅಂಕಿ ಮೂರು ಸೇರಿದರೆ ಸೆಟ್. ಕಡಿಮೆ ಅಂದರೂ ಎರಡು ಸಿಕ್ವೆನ್ಸ್ ಬೇಕು, ಅದರಲ್ಲಿ ಒಂದು ಜೋಕರ್ ಸೇರದ ಒರಿಜಿನಲ್ ಆಗಿರಬೇಕು. ಇದಕ್ಕೆ ನಮ್ಮ ಕಡೆ 'ಲೈಫ್' ಅಂತಾರೆ. ಲೈಫ್ ಆಯಿತೇನೋ ಅಂದರೆ ಜೀವ ಉಳಿಯಿತೇನೋ ಅಂತ ಅರ್ಥ.

ಯಾಕೆ ಜೀವ ಅಂತಾರೆ ಅನ್ನೋದು ಲೆಕ್ಕ ಹಾಕಿದಾಗ ಗೊತ್ತಾಗುತ್ತದೆ. ರಾಜಾ, ರಾಣಿ, ಗುಲಾಮ, ಎಕ್ಕಾ ತಲಾ ಹತ್ತು. (ಎಕ್ಕಾ ಹತ್ತು ಅನ್ನೋದು ಬೀದರಿನವನ ಮಾತು, ಭಾಲ್ಕಿಯವ ಇನ್ನೂ ಒಪ್ಪಿಲ್ಲ.) ಉಳಿದದ್ದಕ್ಕೆ ಅದರದರ ಅಂಕಿ, ಜೋಕರಿಗೆ ಸೊನ್ನೆ. ಬೇರೆಯವ ಶೋ ಮಾಡಿದಾಗ ನಿಮ್ಮ ಕೈಯಲ್ಲಿ ಹೊಂದದೆ ಉಳಿದ ಎಲೆಗಳ ಮೊತ್ತವೇ ನಿಮ್ಮ ಪಾಯಿಂಟ್. ಕಡಿಮೆ ಇದ್ದಷ್ಟೂ ಒಳ್ಳೆಯದು.

ಈಗ ಒಂದು ಕೈ ನೋಡಿ. ಬದಾಮ 4, 5, 6. ಇಸ್ಪೀಟ 9, 10, ಗುಲಾಮನ ಜಾಗಕ್ಕೆ ಜೋಕರ್, ಆಮೇಲೆ ರಾಣಿ. ಮೂರು ಬಣ್ಣದ ಮೂರು 7. ಉಳಿದದ್ದು ಕಿಲವರ ರಾಜಾ, ಚೌಕಟ ರಾಜಾ, ಚೌಕಟ 2. ಯಾರೋ ಶೋ ಮಾಡಿದರು. ನಿಮ್ಮ ಲೆಕ್ಕ: ಹತ್ತು, ಹತ್ತು, ಎರಡು, ಒಟ್ಟು 22. ನಡೀತದೆ.

ಅದೇ ಕೈಯಲ್ಲಿ ಬದಾಮ 5 ಒಂದು ಇಲ್ಲ, ಅದರ ಜಾಗದಲ್ಲಿ ಇನ್ನೊಂದು ಜೋಕರ್ ಇದೆ ಅಂದುಕೊಳ್ಳಿ. ಕಣ್ಣಿಗೆ ಎಲ್ಲ ಹೊಂದಿಕೊಂಡ ಹಾಗೇ ಕಾಣುತ್ತದೆ. ಆದರೆ ಜೋಕರ್ ಇಲ್ಲದ ಸಾಲು ಒಂದೂ ಇಲ್ಲ, ಲೈಫ್ ಇಲ್ಲ. ಹಾಗಾಗಿ ಕೈಯಲ್ಲಿನ ಎಲ್ಲ ಎಲೆಯೂ ಎಣಿಕೆಗೆ ಬಂತು. ಬದಾಮದ್ದು 10, ಇಸ್ಪೀಟಿನದ್ದು 29, ಏಳುಗಳು 21, ಉಳಿದವು 22, ಎಲ್ಲ ಸೇರಿ 82. ಎಂಬತ್ತಕ್ಕಿಂತ ಮೇಲೆ ಬರೆಯೋದಿಲ್ಲ, ಹಾಗಾಗಿ 80. ಒಂದೇ ಒಂದು ಎಲೆಗೆ ಇಪ್ಪತ್ತೆರಡು ಎಂಬತ್ತಾಯಿತು. ಈ ರಮ್ಮಿಯ ರುಚಿಯೂ ವಿಷವೂ ಇಲ್ಲೇ ಇದೆ ಅಂತ ನಮಗನಿಸುತ್ತದೆ.

ಬೀದರ್ ಮನೆಯಲ್ಲಿ 201ರ ಆಟ. ಬಾಜಿ ಬಾಜಿಯ ಪಾಯಿಂಟ್ ಕೂಡಿಸುತ್ತ ಹೋಗಿ 201 ಮುಟ್ಟಿದವ ಹೊರಗೆ. ಕೈ ಚೆನ್ನಾಗಿ ಬರದಿದ್ದರೆ ಎಲೆ ಎತ್ತುವ ಮೊದಲೇ ಕೆಳಗಿಟ್ಟು ಏಳಬಹುದು, ಅದಕ್ಕೆ 25. ಒಂದು ಸಲ ಎತ್ತಿದ ಮೇಲೆ ಇಟ್ಟರೆ 50. ಇದಕ್ಕೆ ಡ್ರಾಪ್ ಅನ್ನುತ್ತಾರೆ. ಎಂಟು ಸಲ ಡ್ರಾಪ್ ಮಾಡಿದರೂ 200, ಇನ್ನೂ ಆಟದಲ್ಲಿರುತ್ತೀರಿ. ಬೀದರಿನವನ ಕಾಕಾ ಈ ಲೆಕ್ಕದಲ್ಲೇ ಎಲ್ಲರನ್ನೂ ಸತಾಯಿಸುತ್ತಿದ್ದರಂತೆ. ಮೂರು ಬಾಜಿ ಕೆಳಗಿಟ್ಟು ಚಹಾ ಕುಡಿಯುವುದು, ನಾಲ್ಕನೆಯದರಲ್ಲಿ ಎಲ್ಲರಿಗೂ ಎಂಬತ್ತು ಹಚ್ಚುವುದು.

ಭಾಲ್ಕಿ ಮನೆಯಲ್ಲಿ ಡ್ರಾಪ್ ಇಲ್ಲವೇ ಇಲ್ಲ. ಅಲ್ಲಿ ಆಟದ ಯಜಮಾನಿಕೆ ಆಯಿಯದು. ಅಜ್ಜಿಗೆ ನಮ್ಮ ಕಡೆ ಬಹಳ ಮನೆಯಲ್ಲಿ ಆಯಿ ಅಂತಾರೆ. ಆಯಿಗೆ ಓದು ಬರೆಯಲು ಬರುತ್ತಿರಲಿಲ್ಲ, ಆದರೆ ಯಾರು ಯಾವ ಎಲೆ ಒಗೆದರು ಅನ್ನೋದು ಬಾಜಿ ಮುಗಿಯುವ ತನಕ ನೆನಪಿರುತ್ತಿತ್ತು. "ಕೈಯಾಗ ಬಂದಿದ್ದು ಆಡಬೇಕು. ಛಲೋ ಬಂದ್ರ ಕುಂದ್ರೋದು, ಕೆಟ್ಟ ಬಂದ್ರ ಏಳೋದು, ಇದ್ಯಾವ ಆಟ?" ಅನ್ನುತ್ತಿದ್ದರು. ಹಣ ಇಡುವ ಹಾಗಿಲ್ಲ. ಒಬ್ಬೊಬ್ಬರಿಗೆ ಒಂದು ಬೊಗಸೆ ಹುಣಸೆ ಬೀಜ. ಆಟ ಮುಗಿದ ಮೇಲೆ ಬೀಜ ಎಣಿಸಿ ವಾಪಸು ಡಬ್ಬಿಗೆ ಹಾಕಬೇಕು. ಒಂದು ಕಡಿಮೆ ಬಂದರೂ ಹಾಸಿಗೆ ಝಾಡಿಸಿ ಹುಡುಕಿಸುತ್ತಿದ್ದರು. ಆ ಡಬ್ಬಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಔರಾದಿನ ಆಟ ಬೇರೆಯೇ ಲೋಕ. ಮೂರು ಕಟ್ಟು, ಒಬ್ಬೊಬ್ಬರಿಗೆ ಇಪ್ಪತ್ತೊಂದು ಎಲೆ. ಸಣ್ಣ ಹುಡುಗರ ಕೈಯಲ್ಲಿ ಹಿಡಿಸುವುದೇ ಇಲ್ಲ. ಲೈಫ್ ಒಂದಲ್ಲ, ಮೂರು ಒರಿಜಿನಲ್ ಬೇಕು. ಒಂದೇ ಬಣ್ಣದ ಒಂದೇ ಎಲೆ ಮೂರು ಸಿಕ್ಕರೆ, ಅಂದರೆ ಮೂರೂ ಕಟ್ಟಿನ ಇಸ್ಪೀಟ 9 ನಿಮ್ಮ ಕೈಗೇ ಬಂದರೆ, ಅದು 'ಟನೆಲಾ', ಅದನ್ನೂ ಒರಿಜಿನಲ್ ಅಂತ ಹಿಡಿಯುತ್ತಾರೆ. ಇನ್ನು ಜೋಕರ್. ಬದಾಮ 7 ಕತ್ತರಿಸಿದರೆ, ಅದರ ಮೇಲಿನ ಬದಾಮ 8 ಪಪ್ಲು, ಕೆಳಗಿನ ಬದಾಮ 6 ನಿಚ್ಲು. ಇವುಗಳಿಗೆ ಕಿಮ್ಮತ್ತು ಬೇರೆ. ಒಂದೊಂದಕ್ಕೆ ಹತ್ತು. ಮೂರೂ ಒಬ್ಬನ ಕೈಯಲ್ಲೇ ಕೂಡಿದರೆ ಮದುವೆ! ಮ್ಯಾರೇಜ್ ಅಂತಲೇ ಕೂಗುತ್ತಾರೆ, ನೂರು ಪಾಯಿಂಟ್.

ಮಜಾ ಏನೆಂದರೆ ಈ ನೂರು ಗೆದ್ದವನಿಗಷ್ಟೇ ಅಲ್ಲ. ನಿಮ್ಮ ಮೂರು ಒರಿಜಿನಲ್ ಆಗಿದ್ದರೆ ಸಾಕು, ಶೋ ಬೇರೆಯವ ಮಾಡಿದರೂ ಮದುವೆಯ ಮುಯ್ಯಿ ನಿಮಗೇ. ಐದು ಜನ ಕೂತಿದ್ದಾರೆ, ನೀವು 60 ಪಾಯಿಂಟಿಗೆ ಸೋತಿರಿ ಅನ್ನಿ. ಗೆದ್ದವನಿಗೆ 60 ಕೊಡಬೇಕು, ಆದರೆ ಉಳಿದ ನಾಲ್ವರಿಂದ ತಲಾ 100, ಅಂದರೆ 400 ಬಂತು. ಸೋತವ 340 ಲಾಭದಲ್ಲಿ ಎದ್ದ. ಮೊದಲ ಸಲ ಔರಾದಿಗೆ ಹೋಗಿ ಕೂತ ಬೀದರಿನವ ಗೆದ್ದೂ ಕೊಟ್ಟು ಬಂದ. ಎರಡು ದಿನ ಮಾತೇ ಆಡಲಿಲ್ಲ.

ಇದೆಂಥ ವಿಚಿತ್ರ ಲೆಕ್ಕ ಅಂತ ಆಗ ನಮಗೂ ಅನಿಸಿತ್ತು. ಆಮೇಲೆ ಒಮ್ಮೆ ಚೀನಾದ ಮಾಜಾಂಗ್ ಆಟದ ಬಗ್ಗೆ ಓದುವಾಗ ಕುರ್ಚಿಯಿಂದ ಎದ್ದೆವು. ಅಲ್ಲಿ ಎಲೆಯ ಬದಲು ಬಿಲ್ಲೆ, ಒಟ್ಟು 136 ಅಥವಾ 144. ಒಬ್ಬೊಬ್ಬರ ಮುಂದೆ ಹದಿಮೂರು ಬಿಲ್ಲೆ! ಒಂದು ಎತ್ತಬೇಕು, ಒಂದು ಹಾಕಬೇಕು. ಮೂರರ ಸಾಲು ಕಟ್ಟಬೇಕು, ಇಲ್ಲವೇ ಒಂದೇ ಥರದ್ದು ಮೂರು ಕೂಡಿಸಬೇಕು. ನಮ್ಮ ಟನೆಲಾಕ್ಕೆ ಅವರು 'ಪಂಗ್' ಅನ್ನುತ್ತಾರೆ. ನಾಲ್ಕು ಕೂಟ, ಒಂದು ಜೋಡಿ ಆದರೆ ಆಟ ಮುಗಿಯಿತು. ಲೆಕ್ಕದ ಜಗಳವೂ ನಮ್ಮದೇ. ಹಾಂಕಾಂಗ್ ಪದ್ಧತಿಯಲ್ಲಿ ಗೆದ್ದವನಿಗೆ ಮಾತ್ರ ಕೊಡಬೇಕು, ಬೀದರ್ ಮನೆಯ ಹಾಗೆ. ಹಳೆಯ ಚೀನೀ ಪದ್ಧತಿಯಲ್ಲಿ ಸೋತವರೂ ತಮ್ಮ ಕೈಯಲ್ಲಿ ಕೂಡಿದ್ದಕ್ಕೆ ತಮ್ಮ ತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳುತ್ತಾರೆ, ಔರಾದ್ ಮನೆಯ ಹಾಗೆ. ಅಮೆರಿಕದಲ್ಲಂತೂ 1937ರಲ್ಲಿ ಇದಕ್ಕೆಂದೇ ಒಂದು ಸಂಘ ಕಟ್ಟಿಕೊಂಡು, ಯಾವ ಕೈಗೆ ಎಷ್ಟು ಅಂಕ ಅಂತ ವರ್ಷಕ್ಕೊಂದು ಹೊಸ ಪಟ್ಟಿ ಅಚ್ಚು ಹಾಕುತ್ತಾ ಬಂದಿದ್ದಾರೆ. ಇದನ್ನು ಹೇಳಿದಾಗ ಔರಾದಿನ ಮುತ್ಯಾ ಕೇಳಿದ್ದು ಒಂದೇ ಮಾತು: "ಆ ಪಟ್ಟಿನ್ಯಾಗ ಎಕ್ಕಾದ್ದು ಏನ್ ಬರದಾರ?"

ಇಲ್ಲಿಯ ತನಕ ಬರೆದದ್ದು ಸುಲಭದ ಭಾಗ.

ನಮ್ಮ ಮೂವರಲ್ಲಿ ಒಬ್ಬ ಫೋನಿನಲ್ಲಿ ರಮ್ಮಿ ಆಡಿ 46,000 ರೂಪಾಯಿ ಕಳೆದುಕೊಂಡ. ಯಾರು ಅಂತ ಬರೆಯುವುದಿಲ್ಲ, ಇದನ್ನು ಬರೆಯೋಣ ಅಂದಾಗ ಮೊದಲು ಆದ ಮಾತೇ ಅದು. ಡ್ರಾಪ್ ಇರುವ ಮನೆಯವನೋ ಇಲ್ಲದ ಮನೆಯವನೋ ಅಂತಲೂ ಕೇಳಬೇಡಿ. ಓದು ಮುಗಿದ ಮೇಲೆ ಒಂದು ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸ, ಸುದ್ದಿಗಿಷ್ಟು ಅಂತ ದುಡ್ಡು, ಬಾಡಿಗೆ ರೂಮು, ರಾತ್ರಿ ಒಂಟಿತನ. ಮೊದಲ ವಾರ 1,800 ಗೆದ್ದ. ನಮಗೆ ಮಿರ್ಚಿ ಭಜಿ ತಿನ್ನಿಸಿದ, ನಾವೂ ತಿಂದೆವು. ಹೇಗೆ ಬಂತು ದುಡ್ಡು ಅಂತ ಇಬ್ಬರೂ ಕೇಳಲಿಲ್ಲ. ಆ ಭಜಿಯ ಪಾಲು ನಮ್ಮ ಮೇಲೂ ಇದೆ.

ನಾಲ್ಕು ತಿಂಗಳ ನಂತರ ಗೊತ್ತಾಯಿತು. ಅವನ ಅಪ್ಪ ಸೋಯಾಬೀನ್ ಮಾರಿ, ಬೆಳೆಸಾಲ ಕಟ್ಟಲು ಅವನ ಖಾತೆಗೆ ಹಾಕಿದ್ದ 28,000 ಹೋಗಿತ್ತು. ಅದನ್ನು ತುಂಬಿಕೊಳ್ಳಲು ಇನ್ನೊಂದು ಆ್ಯಪ್‌ನಲ್ಲಿ ಸಾಲ ಎತ್ತಿದ್ದ 18,000ವೂ ಹೋಗಿತ್ತು. ಸಾಲ ಕಟ್ಟಲು ಇನ್ನು ಒಂಬತ್ತು ದಿನ ಇತ್ತು. ಬ್ಯಾಂಕಿನ ಹಾಳೆ ತೆಗೆಸಿ ಮೂವರೂ ನೆಲದ ಮೇಲೆ ಕೂತೆವು. ಹಾಕಿದ್ದು ಒಟ್ಟು 61,400. ವಾಪಸು ಬಂದದ್ದು 15,400. ಒಂದೊಂದು ಸಾಲಿಗೂ ಪೆನ್ಸಿಲ್ ಗೆರೆ ಎಳೆಯುತ್ತ ಹೋದೆವು. ರಾತ್ರಿ ಎರಡು ಗಂಟೆ, ಎರಡೂವರೆ, ಮೂರು ಗಂಟೆ. ಎಲ್ಲ ನೂರು, ಇನ್ನೂರು, ಐನೂರು. ಒಂದೇ ಸಲ ದೊಡ್ಡ ಮೊತ್ತ ಎಲ್ಲೂ ಇಲ್ಲ.

ನಮಗೆ ಅರ್ಥ ಆಗದೇ ಇದ್ದದ್ದು ಒಂದೇ. ಅವನಿಗೆ ಆಟ ಬರುತ್ತಿತ್ತು. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದವನೇ ಅವನು. ಹಾಗಿದ್ದೂ ಹೀಗೇಕೆ?

ಉತ್ತರ ಸಿಕ್ಕಿದ್ದು ಔರಾದಿನಲ್ಲಿ. ಸಾಲಕ್ಕೆ ಹಣ ಹೊಂದಿಸಲು ಅಲ್ಲಿಗೆ ಹೋಗಿದ್ದೆವು. ಮುತ್ಯಾನ ಮುಂದೆ ಮುಚ್ಚಿಡಲು ಆಗಲಿಲ್ಲ. ಬೈಯುತ್ತಾರೆ ಅಂದುಕೊಂಡಿದ್ದೆವು. ಬೈಯಲಿಲ್ಲ. ತಂಬಾಕು ತಿಕ್ಕುತ್ತ ಕೇಳಿದರು:

"ಲೆಕ್ಕ ಯಾರು ಬರೀತಿದ್ರೋ ತಮ್ಮಾ?"

"ಫೋನೇ ಬರೀತದ ಮುತ್ಯಾ."

"ಪುಕ್ಸಟ್ಟೆ ಬರೀತದೇನು?"

"ಇಲ್ಲ ಮುತ್ಯಾ, ಪ್ರತಿ ಬಾಜಿಗೂ ಒಂದಿಷ್ಟು ಹಿಡ್ಕೋತದ."

"ಹಂಗಾದ್ರ ನೀವು ಆರು ಮಂದಿ ಕುಂತಿಲ್ಲಪ್ಪಾ. ಏಳನೇದವ ಒಬ್ಬ ಕುಂತಾನ. ಅಂವಾ ಎಂದೂ ಸೋಲಾಂಗಿಲ್ಲ."

ಆ ಮಾತು ಹಿಡಿದುಕೊಂಡು ಆ ರಾತ್ರಿ ಲೆಕ್ಕ ಹಾಕಿದೆವು. ನೀವೂ ಹಾಕಿ ನೋಡಿ. ಆರು ಜನ, ತಲಾ 500 ತಂದಿದ್ದಾರೆ, ಒಟ್ಟು 3,000. ಪಾಯಿಂಟಿಗೆ ಒಂದು ರೂಪಾಯಿ. ಒಂದು ಬಾಜಿಯಲ್ಲಿ ಸೋತ ಐವರ ಪಾಯಿಂಟ್ ಕೂಡಿದರೆ 200 ಅನ್ನಿ. ಮನೆಯಲ್ಲಾದರೆ ಗೆದ್ದವನಿಗೆ 200 ಹೋಯಿತು. ಫೋನಿನಲ್ಲಿ ನೂರಕ್ಕೆ ಹತ್ತರಂತೆ ಹಿಡಿದರೆ 180 ಹೋಯಿತು, 20 ರೂಪಾಯಿ ಮೇಜು ಬಿಟ್ಟೇ ಹೋಯಿತು. ಒಂದು ಬಾಜಿಗೆ ಇಪ್ಪತ್ತು ಏನು ಮಹಾ? ಆದರೆ ಫೋನಿನಲ್ಲಿ ಕಲಸುವುದಿಲ್ಲ, ಹಂಚುವುದಿಲ್ಲ, ಚಹಾಕ್ಕೆ ಏಳುವುದಿಲ್ಲ. ಎರಡು ಮೂರು ನಿಮಿಷಕ್ಕೊಂದು ಬಾಜಿ. ಐವತ್ತು ಬಾಜಿಗೆ 1,000. ನೂರೈವತ್ತು ಬಾಜಿಗೆ 3,000, ಅಂದರೆ ಆರೂ ಜನ ತಂದದ್ದು ಪೂರ್ತಿ. ಯಾರು ಜಾಣ, ಯಾರು ದಡ್ಡ ಅನ್ನೋದು ಲೆಕ್ಕಕ್ಕೇ ಬರುವುದಿಲ್ಲ. ಮಧ್ಯದಲ್ಲಿ ಒಬ್ಬ ಎದ್ದು ಹೋದರೆ ಇನ್ನೊಬ್ಬ 500 ಹಿಡಿದು ಬಂದು ಕೂರುತ್ತಾನೆ, ಹಾಗಾಗಿ ಮೇಜು ಖಾಲಿಯಾದದ್ದು ಯಾರಿಗೂ ಕಾಣುವುದಿಲ್ಲ. 2023ರ ಅಕ್ಟೋಬರ್‌ನಿಂದ ಹಾಕಿದ ಹಣದ ಮೇಲೆ ಶೇ 28 ಜಿಎಸ್‌ಟಿ ಬೇರೆ ಬಂತು, ಅಂದರೆ ಎಂಟನೆಯವನೂ ಬಂದು ಕೂತ.

ಭಾಲ್ಕಿಯ ಆಯಿಯ ಡಬ್ಬಿ ನಮಗೆ ಅರ್ಥವಾದದ್ದು ಆಗ. ಬೀಜ ಎಣಿಸಿ ವಾಪಸು ಹಾಕಿಸುತ್ತಿದ್ದದ್ದು ಜಿಪುಣತನಕ್ಕಲ್ಲ. ಕೂತಾಗ ಎಷ್ಟಿತ್ತೋ ಎದ್ದಾಗಲೂ ಅಷ್ಟೇ ಇರಬೇಕು, ಯಾರ ಮುಂದಿದ್ದರೂ ಸರಿ. ಇದನ್ನು ನಾವೇ ಊಹಿಸಿ ಹೇಳುತ್ತಿದ್ದೇವೆ, ಆಯಿಯನ್ನು ಕೇಳೋಣವೆಂದರೆ ಅವರಿಲ್ಲ.

ಬೆಳೆಸಾಲ ಗಡುವಿನೊಳಗೆ ಕಟ್ಟಿದೆವು. ಹೇಗೆ ಅನ್ನೋದು ಮನೆ ಮಾತು. ಅಪ್ಪನಿಗೆ ಅವನೇ ಹೇಳಿದ. ಅಪ್ಪ ಒಂದು ತಿಂಗಳು ಅವನ ಜೊತೆ ಮಾತು ಬಿಟ್ಟಿದ್ದರು, ಹೊಲಕ್ಕೆ ಬಂದು ತೊಗರಿ ಬಡಿಯುವಾಗ ತಾವಾಗಿಯೇ ನೀರು ಕೇಳಿದರಂತೆ. ಸಾಲದ ಆ್ಯಪ್‌ನ ಕಂತು ಮಾತ್ರ ಬಹಳ ದಿನ ನಡೆಯಿತು.

ನಮ್ಮ ಓದುಗರಲ್ಲಿ ಕೆಲವರು ಕೇಳುವ ಪ್ರಶ್ನೆಯನ್ನೂ ಇಲ್ಲೇ ಮುಗಿಸುತ್ತೇವೆ. ರಮ್ಮಿ ಆಡಿದರೆ ಪೊಲೀಸರು ಹಿಡಿಯುತ್ತಾರಾ? ವರದಿಗಾರರಾಗಿ ನಾವು ಬರೆದ ಮೊದಮೊದಲ ಸುದ್ದಿಗಳಲ್ಲಿ 'ಇಸ್ಪೀಟ್ ಅಡ್ಡೆ ಮೇಲೆ ದಾಳಿ' ಅನ್ನೋದೂ ಒಂದು. ಅವುಗಳಲ್ಲಿ ಹೆಚ್ಚಿನದು ಅಂದರ್–ಬಾಹರ್. ಅದು ಬರೀ ನಸೀಬಿನ ಆಟ, ಎಲೆ ಒಳಗೆ ಬಿತ್ತೋ ಹೊರಗೆ ಬಿತ್ತೋ ಅಷ್ಟೇ. ರಮ್ಮಿಯ ಮಾತು ಬೇರೆ ಅಂತ ಸುಪ್ರೀಂ ಕೋರ್ಟ್ 1968ರ ವರದಿಗಳಲ್ಲಿರುವ ಒಂದು ತೀರ್ಪಿನಲ್ಲಿ ಹೇಳಿದೆ. ಮೊಕದ್ದಮೆ ಸಿಕಂದರಾಬಾದಿನ ಕ್ಲಬ್ಬೊಂದರದು, ಕಾಯ್ದೆ ಹಳೆಯ ಹೈದರಾಬಾದ್ ಸಂಸ್ಥಾನದ್ದು, ಅಂದರೆ ಒಂದು ಕಾಲದ ನಮ್ಮದೇ. ಬಿದ್ದ ಎಲೆ ನೆನಪಿಡಬೇಕು, ಯಾವುದು ಇಟ್ಟುಕೊಳ್ಳಬೇಕು ಯಾವುದು ಒಗೆಯಬೇಕು ತಿಳಿಯಬೇಕು, ಹಾಗಾಗಿ ಇದರಲ್ಲಿ ಕೌಶಲವೇ ಹೆಚ್ಚು ಅಂದಿತು ಕೋರ್ಟು. ಆದರೆ ಅದೇ ತೀರ್ಪು ಇನ್ನೊಂದು ಮಾತೂ ಹೇಳುತ್ತದೆ: ಆಡಿಸುವ ಜಾಗದವ ಆಟದಿಂದಲೇ ಲಾಭ ಮಾಡಿಕೊಳ್ಳುತ್ತಿದ್ದರೆ ಅದು ಅಪರಾಧವಾಗಬಹುದು. ಕೌಶಲದ ಮಾತನ್ನು ಎಲ್ಲರೂ ಹೇಳುತ್ತಿದ್ದರು, ಈ ಎರಡನೆಯ ಮಾತನ್ನು ಯಾವ ಜಾಹೀರಾತೂ ಹೇಳಲಿಲ್ಲ. ಮುತ್ಯಾ ಆ ತೀರ್ಪು ಓದಿಲ್ಲ.

ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಲ್ಲಿಸಲು ನೋಡಿತು. ಹೈಕೋರ್ಟ್ 2022ರ ಫೆಬ್ರುವರಿ 14ರಂದು ಅದನ್ನು ರದ್ದು ಮಾಡಿತು. ನಮ್ಮ ಗೆಳೆಯ ಆಡಿದ್ದು ಅದಾದ ಮೇಲೆ. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಕೌಶಲವೋ ನಸೀಬೋ ಅನ್ನುವ ಭೇದ ಅದರಲ್ಲಿಲ್ಲ. ಆಡಿಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಈಗಲೂ ಯಾರಾದರೂ ಲಿಂಕ್ ಕಳಿಸಿ "ನಮ್ಮದು ನಡೀತದ, ಹಾಕ್ರಿ" ಅಂದರೆ ಅದು ಕದ್ದು ನಡೆಸುವ ಅಂಗಡಿ, ಹೋದ ಹಣ ಕೇಳಲು ಬಾಗಿಲೂ ಇರುವುದಿಲ್ಲ.

ಕಳೆದ ದೀಪಾವಳಿಗೆ ಮೂವರೂ ಔರಾದಿನಲ್ಲಿ ಸೇರಿದ್ದೆವು. ಭಾಲ್ಕಿಯಿಂದ ಆಯಿಯ ಡಬ್ಬಿ ತಂದಿದ್ದೆವು. ಬೀಜ 312 ಇದ್ದವು, ಆರು ಜನಕ್ಕೆ 52ರ ಹಾಗೆ ಹಂಚಿದೆವು. ಮೂರು ಊರಿನ ಕಾಯ್ದೆ ಒಂದು ಮಾಡಲು ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದೆವು. ಹದಿಮೂರು ಎಲೆ, ಬೀದರಿನ ಹಾಗೆ. ಡ್ರಾಪ್ ಇಲ್ಲ, ಭಾಲ್ಕಿಯ ಹಾಗೆ. ಬೀದರಿನವ ಬಹಳ ಗೊಣಗಿದ. ಪಪ್ಲು, ನಿಚ್ಲು, ಮದುವೆ ಇರಬೇಕು, ಔರಾದಿನ ಹಾಗೆ, ಆದರೆ ಮುಯ್ಯಿ ನೂರಲ್ಲ, ತಲಾ ಐದು ಬೀಜ. ತಪ್ಪು ಶೋ ಮಾಡಿದವ ಎಲ್ಲರಿಗೂ ಚಹಾ ಮಾಡಬೇಕು.

ಲೆಕ್ಕ ಯಾರು ಬರೆಯಬೇಕು ಅಂತ ಕೇಳಿದಾಗ ಮುತ್ಯಾ ಆ ಒಬ್ಬನ ಕಡೆಗೇ ಪೆನ್ನು ತಳ್ಳಿದರು. ಅವ ಒಂದು ಗಳಿಗೆ ಸುಮ್ಮನೆ ಕೂತ, ಆಮೇಲೆ ಪೆನ್ನು ತಗೊಂಡು ಆರು ಗೆರೆ ಎಳೆದ. ರಾತ್ರಿ ಹನ್ನೊಂದಕ್ಕೆ ಆಟ ಮುಗಿಸಿ ಬೀಜ ಎಣಿಸಿದೆವು. 311. ಹಾಸಿಗೆ ಝಾಡಿಸಿದೆವು, ಚಕ್ಕಲಿ ತಟ್ಟೆ ಎತ್ತಿದೆವು, ಕೊನೆಗೆ ಅದು ಮುತ್ಯಾನ ಪಟಗದ ಮಡಿಕೆಯಲ್ಲಿ ಸಿಕ್ಕಿತು. "ನೋಡಾಕತ್ತಿದ್ದೆ, ಎಣಸ್ತೀರೋ ಇಲ್ಲೋ ಅಂತ" ಅಂದರು.

ಆ ಹಾಳೆ ಈಗ ನಮ್ಮ ಹತ್ತಿರ ಇದೆ. ಐದನೆಯ ಸಾಲಿನಲ್ಲಿ 'ಎಕ್ಕಾ =' ಅಂತ ಬರೆದು ಬಿಟ್ಟಿದ್ದೇವೆ, ಮುಂದೆ ಜಾಗ ಖಾಲಿ.